ಹಳೆಯ ವೇಗದ ಕಾರಿನ ಪರೀಕ್ಷೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಹಲ್ಲು ನೋಡದೆ ಹಣ ಎಣಿಸಿಕೊಡುವುದಿಲ್ಲ. ಬಾಯಿ ಬಿಡಿಸಿ ಹಲ್ಲುಗಳನ್ನು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ಗೊರಸು ಊರುವ ರೀತಿಯನ್ನು ಗಮನಿಸುತ್ತಾನೆ, ಸಾಧ್ಯವಾದರೆ ನೊಗಕ್ಕೆ ಹೂಡಿಯೂ ನೋಡುತ್ತಾನೆ. ಮಾರುವವನು ಎಷ್ಟು ಆಣೆಯಿಟ್ಟು ಹೇಳಿದರೂ ಅವನ ಕಣ್ಣು ಎತ್ತಿನ ಮೇಲೆಯೇ ಇರುತ್ತದೆ. ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ವಿವೇಕವಿದು. ಆದರೆ ಎತ್ತಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ಬಾಳುವ ಹಳೆಯ ಮೋಟಾರು ಕಾರನ್ನು ಕೊಳ್ಳುವಾಗ ವಿದ್ಯಾವಂತರೂ ಇದನ್ನು ಮರೆಯುವುದುಂಟು. ಅದರಲ್ಲಿಯೂ ಕಾರು ಸಾಮಾನ್ಯದ್ದಾಗಿರದೆ ಸ್ಪೋರ್ಟ್ಸ್ ಕಾರು, ಅಂದರೆ ವೇಗಕ್ಕೆಂದೇ ಹುಟ್ಟಿದ ಕಾರು ಆಗಿದ್ದರೆ, ನೋಡಿದ ಕ್ಷಣವೇ ಮನಸ್ಸು ಸೋಲುತ್ತದೆ. ಮನಸ್ಸು ಸೋತಲ್ಲಿ ಪರೀಕ್ಷೆ ನಡೆಯುವುದು ಕಷ್ಟ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಹಳೆಯ ಕಾರಿನ ಪರೀಕ್ಷೆಯು ನಮ್ಮ ಇತಿಹಾಸದ ತರಗತಿಯಲ್ಲಿ ಕಲಿಸುವ ಆಧಾರಗಳ ವಿಮರ್ಶೆಗೆ ತೀರ ಹತ್ತಿರವಾದದ್ದು. ಒಂದು ಊರಿನ ಹಿಂದಿನ ಕಥೆಯನ್ನು ತಿಳಿಯಬೇಕಾದರೆ ಐತಿಹ್ಯವನ್ನೂ ಕೇಳುತ್ತೇವೆ, ಶಾಸನವನ್ನೂ ಓದುತ್ತೇವೆ. ಎರಡೂ ಹೊಂದದಿದ್ದರೆ ಕಲ್ಲಿನ ಕಡೆಗೆ ವಾಲುತ್ತೇವೆ. ಕಾರಿನ ವಿಷಯದಲ್ಲಿ ಮಾರುವವನ ಮಾತು ಐತಿಹ್ಯ. ಲೋಹ, ಎಣ್ಣೆ, ರಬ್ಬರು, ಕಾಗದ ಇವು ಶಾಸನ. ಎರಡನೆಯದು ಅರ್ಥಶಾಸ್ತ್ರಕ್ಕೆ ಸೇರಿದ್ದು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬುವರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನವನ್ನು ಬರೆದರು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ‘ನಿಂಬೆಹಣ್ಣು’ ಎಂದು ಹೆಸರು. ಲೇಖನದ ಹೆಸರಿನಲ್ಲಿಯೂ ಆ ಮಾತೇ ಇದೆ. ಅವರ ವಾದ ಸರಳವಾದದ್ದು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಒಳ್ಳೆಯ ಕಾರಿಗೂ ಕೆಟ್ಟ ಕಾರಿಗೂ ನಡುವಣ ಒಂದು ಬೆಲೆಯನ್ನು ಮಾತ್ರ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟವುಗಳ ಪಾಲು ಹೆಚ್ಚುತ್ತದೆ, ಬೆಲೆ ಮತ್ತೂ ಇಳಿಯುತ್ತದೆ. ಈ ವಿಚಾರಧಾರೆಗಾಗಿ ಅವರು 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇದರಿಂದ ತಿಳಿಯುವುದೇನೆಂದರೆ, ಪರೀಕ್ಷೆಯೆಂಬುದು ಮಾರುವವನಿಗೆ ಮಾಡುವ ಅವಮಾನವಲ್ಲ. ಪರೀಕ್ಷೆಯಿಲ್ಲದ ಮಾರುಕಟ್ಟೆಯಲ್ಲಿ ಪ್ರಾಮಾಣಿಕನಾದ ಮಾರಾಟಗಾರನಿಗೇ ಮೊದಲ ನಷ್ಟ.

ಸಾಮಾನ್ಯ ಕಾರಿಗಿಂತ ವೇಗದ ಕಾರಿನಲ್ಲಿ ಅಪಾಯ ಹೆಚ್ಚಾಗಿರಲು ಒಂದು ವಿಶೇಷ ಕಾರಣವಿದೆ. ವರ್ಷಗಳು ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಆದರೆ ಅದರ ಬಿಡಿಭಾಗಗಳ ಬೆಲೆಯಾಗಲಿ ಕೂಲಿಯಾಗಲಿ ಇಳಿಯುವುದಿಲ್ಲ. ಅಗ್ಗವಾಗಿ ದೊರೆತ ಕಾರಿನ ಎಂಜಿನು ಕೆಟ್ಟರೆ ಅದರ ದುರಸ್ತಿಯ ವೆಚ್ಚ ಕಾರಿನ ಬೆಲೆಯನ್ನೇ ನುಂಗಿಹಾಕಬಹುದು. ಇದಕ್ಕಿಂತ ದೊಡ್ಡ ಮಾತು ಪ್ರಾಣದ್ದು. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಕ್ಷಮೆ ದೊರೆಯುವ ದೋಷಕ್ಕೆ ನೂರ ನಲವತ್ತರಲ್ಲಿ ಕ್ಷಮೆಯಿಲ್ಲ.

ಎಲ್ಲ ಕಾರುಗಳನ್ನೂ ಕುರಿತು ಹೇಳಹೊರಟರೆ ಲೇಖನ ಬೆಳೆಯುತ್ತದೆ, ತಿರುಳು ಕಡಮೆಯಾಗುತ್ತದೆ. ಆದಕಾರಣ ಒಂದು ಪ್ರಸಿದ್ಧ ಕಾರನ್ನು ಮಾದರಿಯಾಗಿ ತೆಗೆದುಕೊಳ್ಳುತ್ತೇನೆ.

ಮಾದರಿಯ ಕಾರು

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಸುಫೆನ್‌ಹೌಸನ್ ಭಾಗದಲ್ಲಿ ತಯಾರಾಗುವ ಪೋರ್ಶೆ 911 ಎಂಬ ಕಾರನ್ನು 1963ರಲ್ಲಿ ಫ್ರಾಂಕ್‌ಫರ್ಟಿನ ಮೋಟಾರು ಪ್ರದರ್ಶನದಲ್ಲಿ ಮೊದಲು ತೋರಿಸಿದರು. ಆಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನ ಹಕ್ಕೆಂದು ಫ್ರಾನ್ಸಿನ ಪೂಜೊ ಸಂಸ್ಥೆ ಆಕ್ಷೇಪಿಸಿದ್ದರಿಂದ 1964ರಲ್ಲಿ ಅದು 911 ಆಯಿತು. ಈ ಕಾರಿನ ಎಂಜಿನು ಹಿಂದಿನ ಚಕ್ರಗಳ ಅಚ್ಚಿಗಿಂತಲೂ ಹಿಂದೆ ಇದೆ. ಆರು ಸಿಲಿಂಡರುಗಳು ಮೂರು ಮೂರಾಗಿ ಎಡಬಲಗಳಲ್ಲಿ ಮಲಗಿಕೊಂಡಿವೆ. ಮೂವತ್ತಕ್ಕೂ ಹೆಚ್ಚು ವರ್ಷ ಗಾಳಿಯಿಂದಲೇ ತಣಿಯುತ್ತಿದ್ದ ಈ ಎಂಜಿನು 1997ರಲ್ಲಿ ಬಂದ, ಒಳಗಿನ ಸಂಕೇತದಲ್ಲಿ 996 ಎನ್ನಿಸಿಕೊಂಡ ತಲೆಮಾರಿನಲ್ಲಿ ಮೊದಲ ಬಾರಿಗೆ ನೀರಿನಿಂದ ತಣಿಯುವಂತಾಯಿತು. ಅದರ ಮೊದಲ ಕರೇರಾ ಕಾರಿಗೆ 3.4 ಲೀಟರಿನ, 300 ಅಶ್ವಶಕ್ತಿಯ ಎಂಜಿನು. ಪರಮಾವಧಿ ವೇಗ ಗಂಟೆಗೆ 280 ಕಿಲೋಮೀಟರು. 2004ರಲ್ಲಿ 997 ಎಂಬ ಮುಂದಿನ ತಲೆಮಾರು ಬಂದಿತು. ಯೂರೋಪು, ಅಮೆರಿಕಗಳ ಹಳೆಯ ಕಾರುಗಳ ಪೇಟೆಯಲ್ಲಿ ಈ ಎರಡು ತಲೆಮಾರುಗಳ ಕಾರುಗಳು ವಿಶೇಷವಾಗಿ ಕೈ ಬದಲಾಯಿಸುತ್ತವೆ. ಇವುಗಳ ಗುಣಗಳಂತೆಯೇ ದೋಷಗಳೂ ಪ್ರಸಿದ್ಧ. ದೋಷಗಳು ಪ್ರಸಿದ್ಧವಾಗಿರುವುದೇ ಪರೀಕ್ಷಕನಿಗೆ ದೊಡ್ಡ ಸಹಾಯ.

ಮೊದಲು ಕಾಗದಗಳು

ಕಾರನ್ನು ನೋಡುವ ಮುನ್ನ ಕಾಗದಗಳನ್ನು ನೋಡಬೇಕು. ಕಾರನ್ನು ನೋಡಿದ ಮೇಲೆ ಕಾಗದಗಳನ್ನು ತಾಳ್ಮೆಯಿಂದ ಓದುವವರು ಕಡಮೆ. ಈ ಕಾರುಗಳಿಗೆ ಹದಿನೇಳು ಅಕ್ಷರ-ಅಂಕಿಗಳ ಗುರುತುಸಂಖ್ಯೆಯೊಂದುಂಟು. ಕಾರಿನ ಮೈಮೇಲಿನ ಸಂಖ್ಯೆಯೂ ನೋಂದಣಿ ಪತ್ರದ ಸಂಖ್ಯೆಯೂ ಒಂದೊಂದು ಅಕ್ಷರವೂ ತಪ್ಪದಂತೆ ಹೊಂದಬೇಕು. ಈ ಕಾರಿನಲ್ಲಿ ಸಾಮಾನಿನ ಪೆಟ್ಟಿಗೆ ಇರುವುದು ಮುಂದುಗಡೆ. ಆ ಮುಚ್ಚಳದ ಒಳಮಗ್ಗುಲಲ್ಲಿ ಕಾರ್ಖಾನೆಯಿಂದ ಹೊರಡುವಾಗ ಯಾವ ಯಾವ ವಿಶೇಷ ಸಾಮಗ್ರಿಗಳಿದ್ದವೆಂದು ತಿಳಿಸುವ ಚೀಟಿ ಅಂಟಿಸಿರುತ್ತಾರೆ. ಚೀಟಿಯೇ ಇಲ್ಲದಿದ್ದರೆ ಮುಚ್ಚಳ ಬದಲಾಗಿರಬಹುದು. ಮುಚ್ಚಳ ಏಕೆ ಬದಲಾಯಿತೆಂಬುದು ಮುಂದಿನ ಪ್ರಶ್ನೆ.

ಅನಂತರ ಸೇವಾ ಪುಸ್ತಕ ಮತ್ತು ರಶೀದಿಗಳು. ಪುಸ್ತಕದ ಮುದ್ರೆಗಿಂತ ರಶೀದಿ ಹೆಚ್ಚು ನಂಬತಕ್ಕದ್ದು, ಏಕೆಂದರೆ ರಶೀದಿಯಲ್ಲಿ ಮಾಡಿದ ಕೆಲಸದ ವಿವರ, ತಾರೀಖು, ಅಂದು ಮೀಟರು ತೋರಿಸಿದ ದೂರ ಮೂರೂ ಇರುತ್ತವೆ. ಇವನ್ನು ತಾರೀಖಿನ ಕ್ರಮದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡರೆ ದೂರ ಏರುತ್ತಲೇ ಹೋಗಬೇಕು. ನಡುವೆ ಎಲ್ಲಿಯಾದರೂ ಇಳಿದಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆಂದೇ ಶಂಕಿಸಬೇಕು. ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷವಾದಾಗ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಕಡ್ಡಾಯವಾದ ತಪಾಸಣೆ ನಡೆಯುತ್ತದೆ. ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ಫಲಿತಾಂಶವನ್ನೂ ಅಂದಿನ ಮೈಲಿಗಳನ್ನೂ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹೀಗೆ ಮೂರನೆಯವರು ಬರೆದಿಟ್ಟ ದಾಖಲೆಯೇ ಎಲ್ಲಕ್ಕಿಂತ ಉತ್ತಮವಾದದ್ದು.

ನಮ್ಮ ನಾಡಿನಲ್ಲಿ ಕೊಳ್ಳುವವರಿಗೂ ಒಂದೆರಡು ಮಾತು ಸಲ್ಲುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಒಡೆತನದ ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು ಬೇಕು. ಬೇರೆ ರಾಜ್ಯದ ಕಾರಾದರೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಸಾಲದ ಮೇಲೆ ಕೊಂಡ ಕಾರಾಗಿದ್ದರೆ, ಸಾಲ ತೀರಿದುದಕ್ಕೆ 35ನೆಯ ನಮೂನೆಯಲ್ಲಿ ಸಾಲ ಕೊಟ್ಟವರ ಸಹಿ ಇರಬೇಕು. ಈ ಕಾಗದವಿಲ್ಲದೆ ಹಣ ಕೊಟ್ಟರೆ ಕಾರಿನ ಜೊತೆಗೆ ಇನ್ನೊಬ್ಬರ ಸಾಲದ ತಕರಾರನ್ನೂ ಕೊಂಡಂತೆ.

ಹೊರಮೈ

ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವ ಬಣ್ಣವೆಲ್ಲ ಕಾರ್ಖಾನೆಯ ಬಣ್ಣವಲ್ಲ. ಕಾರನ್ನು ಹಗಲು ಬೆಳಕಿನಲ್ಲಿ, ಒಣಗಿರುವಾಗ ನೋಡಬೇಕು. ಮೈಮೇಲೆ ನೀರಿದ್ದರೆ ಗೀರು, ಉಬ್ಬುತಗ್ಗುಗಳು ಮರೆಯಾಗುತ್ತವೆ. ಬಾಗಿಲು, ಮುಚ್ಚಳಗಳ ಸಂದುಗಳು ಎರಡು ಕಡೆಯೂ ಸಮನಾಗಿರಬೇಕು. ಮುಚ್ಚಳವನ್ನು ಹಿಡಿದಿರುವ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದ್ದರೆ ಯಾರೋ ಅದನ್ನು ಬಿಚ್ಚಿದ್ದಾರೆಂದು ಅರ್ಥ.

ಬಣ್ಣದ ದಪ್ಪವನ್ನು ಅಳೆಯುವ ಅಂಗೈಯಗಲದ ಯಂತ್ರವೊಂದುಂಟು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು ದಪ್ಪವಿರುತ್ತದೆ. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಒಂದು ಬಾಗಿಲಿನಲ್ಲಿ ಮಾತ್ರ ಇನ್ನೂರು ಮುನ್ನೂರು ಬಂದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಸಾವಿರ ದಾಟಿದರೆ ಬಣ್ಣದ ಕೆಳಗೆ ತಗ್ಗು ತುಂಬುವ ಪಟ್ಟಿ ಇದೆ, ಅಂದರೆ ತಗಡು ಬಲವಾಗಿ ನುಗ್ಗಿತ್ತು. 1970ರ ದಶಕದ ನಡುವಿನಿಂದ 911ರ ಉಕ್ಕಿನ ಮೈಗೆ ಸತುವಿನ ಲೇಪವಿರುವುದರಿಂದ ಇದಕ್ಕೆ ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ತುಕ್ಕು ಕಂಡಲ್ಲಿ ಹಿಂದೆ ಪೆಟ್ಟು ಬಿದ್ದು ಲೇಪ ಹೋಗಿರಬಹುದೆಂದು ಹುಡುಕಬೇಕು. ಮತ್ತೆ ಬಣ್ಣ ಹೊಡೆದ ಮಾತ್ರಕ್ಕೆ ಕಾರು ಕೆಟ್ಟದೆಂದಲ್ಲ. ಕಲ್ಲು ಸಿಡಿದ ಗುರುತನ್ನು ಮುಚ್ಚಲು ಮುಂಭಾಗಕ್ಕೆ ಬಣ್ಣ ಹೊಡೆಸುವವರು ಎಷ್ಟೋ ಜನ. ಮಾರುವವನು ಅದನ್ನು ತಾನಾಗಿ ಹೇಳಿದನೇ, ಮರೆಸಿದನೇ ಎಂಬುದೇ ಮುಖ್ಯ.

ಮುಂಭಾಗದ ಗಾಳಿಕಿಂಡಿಗಳಲ್ಲಿ ಬ್ಯಾಟರಿ ದೀಪ ಬಿಟ್ಟು ನೋಡಬೇಕು. ನೀರಿನಿಂದ ತಣಿಯುವ ಈ ಕಾರುಗಳ ರೇಡಿಯೇಟರುಗಳು ಮುಂದಿನ ಎರಡು ಮೂಲೆಗಳಲ್ಲಿವೆ. ಅಲ್ಲಿ ತರಗೆಲೆ ಸೇರಿಕೊಂಡು, ನೀರು ಹಿಡಿದು, ಲೋಹವನ್ನು ತಿನ್ನುತ್ತದೆ. ಕಾರನ್ನು ಮೇಲೆತ್ತಿ ಹೊಟ್ಟೆಯ ಕೆಳಗೂ ನೋಡಬೇಕು. ಇಷ್ಟು ತಗ್ಗಾದ ಕಾರಿಗೆ ರಸ್ತೆಯ ಉಬ್ಬುಗಳು ಏನು ಮಾಡಿವೆಯೆಂದು ಅಲ್ಲಿ ಬರೆದಿರುತ್ತದೆ.

ತಣ್ಣನೆಯ ಎಂಜಿನು

ಎಂಜಿನನ್ನು ತಣ್ಣಗಿರುವಾಗಲೇ ಮೊದಲು ಚಾಲೂ ಮಾಡಬೇಕು. ನಾವು ಹೋಗುವ ಹೊತ್ತಿಗೆ ಅದು ಬೆಚ್ಚಗಿದ್ದರೆ, ಬೆಳಗಿನ ಮೊದಲ ಸದ್ದನ್ನು ನಮ್ಮಿಂದ ಮರೆಮಾಡಿರಬಹುದು. ಸಿಲಿಂಡರುಗಳು ಮಲಗಿರುವುದರಿಂದ ರಾತ್ರಿಯೆಲ್ಲ ಸ್ವಲ್ಪ ಎಣ್ಣೆ ಅವುಗಳಲ್ಲಿ ಇಳಿದು ನಿಂತಿರುತ್ತದೆ. ಚಾಲೂ ಮಾಡಿದಾಗ ಒಂದು ಉಸಿರು ನೀಲಿ ಹೊಗೆ ಬಂದರೆ ಹೆದರಬೇಕಾಗಿಲ್ಲ. ಆದರೆ ಹೊಗೆ ನಿಲ್ಲದೆ ಮೋಡದಂತೆ ಕವಿದರೆ, ಎಣ್ಣೆಯನ್ನೂ ಆವಿಯನ್ನೂ ಬೇರ್ಪಡಿಸುವ ಅಂಗವೊಂದು ಹರಿದಿರುವ ಸಂಭವ ಉಂಟು.

ಈಗ ಈ ಎಂಜಿನಿನ ಅತಿ ಪ್ರಸಿದ್ಧ ದೋಷಕ್ಕೆ ಬರೋಣ. ಎಂಜಿನಿನ ಮುಖ್ಯ ದಂಡದಿಂದ ಚಲನೆಯನ್ನು ಪಡೆದು ಕವಾಟಗಳನ್ನು ತೆರೆಯುವ ದಂಡಗಳಿಗೆ ಸರಪಳಿಗಳ ಮೂಲಕ ಸಾಗಿಸುವ ನಡುದಂಡವೊಂದಿದೆ. ಅದರ ಒಂದು ತುದಿ ಗುಂಡುಗಳ ಬೇರಿಂಗೊಂದರ ಮೇಲೆ ತಿರುಗುತ್ತದೆ. ಬೇರಿಂಗಿನೊಳಗೆ ಗ್ರೀಸು ತುಂಬಿ ಬಾಯಿ ಮುಚ್ಚಿರುತ್ತಾರೆ. ಕಾಲಾನಂತರದಲ್ಲಿ ಆ ಮುಚ್ಚಳದ ರಬ್ಬರು ಗಟ್ಟಿಯಾಗಿ, ಎಂಜಿನಿನ ಎಣ್ಣೆ ಒಳನುಗ್ಗಿ, ಗ್ರೀಸನ್ನು ತೊಳೆದುಬಿಡುತ್ತದೆ. ಆಮೇಲೆ ಗುಂಡುಗಳು ಸವೆಯುತ್ತವೆ. ಬೇರಿಂಗು ಒಡೆದರೆ ದಂಡ ಅಲುಗಾಡಿ, ಕವಾಟಗಳಿಗೂ ಪಿಸ್ಟನ್ನುಗಳಿಗೂ ಇರುವ ತಾಳ ತಪ್ಪಿ, ಒಂದಕ್ಕೊಂದು ಬಡಿದು ಎಂಜಿನೇ ನಾಶವಾಗುತ್ತದೆ. ಮೊದಮೊದಲ ಎಂಜಿನುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗಿತ್ತು. ಅನಂತರ ಸುಮಾರು 2005ರವರೆಗೆ ಒಂದೇ ಸಾಲಿನದು ಬಂದಿತು. ಹೆಚ್ಚು ತೊಂದರೆ ಕೊಟ್ಟದ್ದು ಇದೇ. ಇದನ್ನು ಕುರಿತು ಅಮೆರಿಕದಲ್ಲಿ ಒಡೆಯರು ಹೂಡಿದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಮುಂದೆ ಬಂದ ದೊಡ್ಡ ಬೇರಿಂಗು ಗಟ್ಟಿಯಾದದ್ದೇ ಆದರೂ ಎಂಜಿನಿನ ಒಡಲನ್ನು ಬಿಚ್ಚದೆ ಅದನ್ನು ಹೊರತೆಗೆಯಲಾಗದು. 2008ರಲ್ಲಿ ಬಂದ ಹೊಸ ಎಂಜಿನಿನಲ್ಲಿ ಈ ನಡುದಂಡವೇ ಇಲ್ಲ. ಹಾನ್ಸ್ ಮೆಟ್ಸ್‌ಗರ್ ಎಂಬ ಎಂಜಿನಿಯರರ ಹೆಸರಿನಿಂದ ಪ್ರಸಿದ್ಧವಾದ, ಆ ಕಾಲದ ಟರ್ಬೊ ಮತ್ತು ಜಿ.ಟಿ. 3 ಕಾರುಗಳ ಎಂಜಿನಿನ ರಚನೆಯೇ ಬೇರೆಯಾಗಿದ್ದು ಈ ದೋಷ ಅದಕ್ಕಿಲ್ಲ. ಅದರಲ್ಲಿ ನೀರಿನ ಕೊಳವೆಗಳನ್ನು ಅಂಟಿನಿಂದ ಕೂಡಿಸಿದ ಜಾಗಗಳು ಬಿಟ್ಟುಕೊಳ್ಳುವುದೇ ಚಿಂತೆ.

ಎಂಜಿನನ್ನು ಬಿಚ್ಚದೆ ಇದನ್ನು ತಿಳಿಯುವ ಬಗೆ ಹೇಗೆ? ಎಣ್ಣೆಯ ಫಿಲ್ಟರನ್ನು ಕಳಚಿ, ಅದರ ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಬೇಕು. ಮಿನುಗುವ ಲೋಹದ ಕಣಗಳಿದ್ದರೆ, ಅದರಲ್ಲಿಯೂ ಅವು ಅಯಸ್ಕಾಂತಕ್ಕೆ ಅಂಟಿದರೆ, ಉಕ್ಕಿನ ಭಾಗವೊಂದು ಒಳಗೆ ಸವೆಯುತ್ತಿದೆ. ಹಿಂದಿನ ಒಡೆಯನು ಬೇರಿಂಗನ್ನು ಬದಲಾಯಿಸಿದ್ದರೆ ಅದರ ರಶೀದಿಯನ್ನು ಕೇಳಬೇಕು. ಗೇರುಪೆಟ್ಟಿಗೆಯನ್ನು ಇಳಿಸದೆ ಈ ಕೆಲಸವಾಗದು. ಆದ್ದರಿಂದ ಕ್ಲಚ್ಚಿನ ಬದಲಾವಣೆಯ ಜೊತೆಗೇ ಮಾಡಿಸುವುದು ವಾಡಿಕೆ. ಎರಡೂ ಒಂದೇ ರಶೀದಿಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.

ಎರಡನೆಯ ದೋಷ ಸಿಲಿಂಡರಿನ ಗೋಡೆಯ ಗೀರು. 3.6 ಮತ್ತು 3.8 ಲೀಟರಿನ ಎಂಜಿನುಗಳಲ್ಲಿ ಇದು ಹೆಚ್ಚು. ಅಲ್ಯುಮಿನಿಯಂ ಮತ್ತು ಸಿಲಿಕಾನುಗಳಿಂದಾದ ಗೋಡೆಯ ಮೇಲೆ ಉಜ್ಜುವ ಪಿಸ್ಟನ್ನಿನ ಲೇಪ ಸುಲಿದುಹೋದರೆ ಗೋಡೆಗೆ ಉದ್ದುದ್ದನೆಯ ಗೀರುಗಳು ಬೀಳುತ್ತವೆ. ಎಣ್ಣೆ ಬೇಗ ಖರ್ಚಾಗುವುದು, ಟಕ್ ಟಕ್ ಎಂಬ ಸದ್ದು, ಎರಡು ಹೊಗೆಕೊಳವೆಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚು ಮಸಿ, ಇವು ಅದರ ಲಕ್ಷಣಗಳು. ವೈದ್ಯರು ಹೊಟ್ಟೆಯೊಳಗೆ ದೀಪವಿರುವ ನಳಿಕೆಯನ್ನು ಇಳಿಸಿ ನೋಡುವಂತೆ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮರವನ್ನು ಇಳಿಸಿ ಆರು ಸಿಲಿಂಡರುಗಳನ್ನೂ ನೋಡಬೇಕು. ಇದರೊಡನೆ ಸೋರಿಕೆಯ ಪರೀಕ್ಷೆಯನ್ನೂ ಮಾಡಿಸಬಹುದು. ಸಿಲಿಂಡರಿಗೆ ಗೊತ್ತಾದ ಒತ್ತಡದಲ್ಲಿ ಗಾಳಿಯನ್ನು ತುಂಬಿ ಎಷ್ಟು ಸೋರುತ್ತದೆಯೆಂದು ಅಳೆಯುವುದೇ ಈ ಪರೀಕ್ಷೆ. ಸೋರಿಕೆ ಶೇಕಡಾ 10ರೊಳಗಿದ್ದರೆ ಸಾಮಾನ್ಯವಾಗಿ ಚೆನ್ನಾಗಿದೆಯೆನ್ನುತ್ತಾರೆ. ಐದು ಸಿಲಿಂಡರುಗಳು ಒಂದು ರೀತಿ, ಆರನೆಯದು ಬೇರೆ ರೀತಿ ಇದ್ದರೆ ಆ ಆರನೆಯದೇ ನಮ್ಮೊಡನೆ ಮಾತನಾಡುತ್ತಿದೆ.

ಯಂತ್ರದ ನೆನಪು

ಮನುಷ್ಯನು ಮರೆತರೂ ಈ ಕಾರು ಮರೆಯದ ಸಂಗತಿಯೊಂದಿದೆ. ಎಂಜಿನನ್ನು ನಿಯಂತ್ರಿಸುವ ವಿದ್ಯುನ್ಮಾನ ಪೆಟ್ಟಿಗೆಯು, ಎಂಜಿನು ತನ್ನ ಮಿತಿಯನ್ನು ಮೀರಿ ತಿರುಗಿದಾಗಲೆಲ್ಲ ಲೆಕ್ಕ ಬರೆದಿಡುತ್ತದೆ. 996ರಲ್ಲಿಯೂ ಮೊದಮೊದಲ 997ರಲ್ಲಿಯೂ ಈ ಲೆಕ್ಕಕ್ಕೆ ಎರಡು ಅಂತಸ್ತುಗಳು. 2008ರ ಅನಂತರದ 997ರಲ್ಲಿ ಆರು. ಮಿತಿಯ ಅಂಚನ್ನು ಮುಟ್ಟಿದ್ದು ಮೊದಲ ಅಂತಸ್ತು. ಜೋರಾಗಿ ಓಡಿಸುವ ಯಾರಿಗಾದರೂ ಇದು ಸಹಜ. ಎರಡನೆಯದು ಹಾಗಲ್ಲ. ಪೆಟ್ರೋಲನ್ನು ತುಳಿದು ಆ ವೇಗವನ್ನು ಮುಟ್ಟಲು ಪೆಟ್ಟಿಗೆಯೇ ಬಿಡುವುದಿಲ್ಲ. ಓಟದ ಭರದಲ್ಲಿ ಮೇಲಿನ ಗೇರಿಗೆ ಬದಲು ಕೆಳಗಿನ ಗೇರು ಬಿದ್ದಾಗ ಚಕ್ರಗಳೇ ಎಂಜಿನನ್ನು ಬಲಾತ್ಕಾರವಾಗಿ ತಿರುಗಿಸಿದರೆ ಮಾತ್ರ ಅಲ್ಲಿಗೆ ಮುಟ್ಟುತ್ತದೆ.

ಪೆಟ್ಟಿಗೆ ಬರೆದಿಡುವುದು ಕಿಡಿಗಳ ಸಂಖ್ಯೆಯನ್ನು. ಆರು ಸಿಲಿಂಡರಿನ ಎಂಜಿನು ಒಂದು ಸುತ್ತಿಗೆ ಮೂರು ಕಿಡಿಗಳನ್ನು ಹಾರಿಸುತ್ತದೆ. ನಿಮಿಷಕ್ಕೆ 8,000 ಸುತ್ತುಗಳಾದರೆ ಸೆಕೆಂಡಿಗೆ 400 ಕಿಡಿಗಳು. ಹಾಗಾದರೆ ಲೆಕ್ಕದಲ್ಲಿ 200 ಎಂದಿದ್ದರೆ ಅದು ಅರ್ಧ ಸೆಕೆಂಡಿನ ಮಾತು. ಆ ಅರ್ಧ ಸೆಕೆಂಡು ಎಂಜಿನಿನ ಯಾವ ಗಂಟೆಯಲ್ಲಿ ನಡೆಯಿತೆಂಬುದೂ ದಾಖಲಾಗಿರುತ್ತದೆ. ನೂರಾರು ಗಂಟೆಗಳ ಹಿಂದೆ ನಡೆದು, ಅನಂತರ ಎಂಜಿನು ಆರೋಗ್ಯವಾಗಿ ಓಡಿದ್ದರೆ ಭಯ ಕಡಮೆ. ಮೊನ್ನೆ ಮೊನ್ನೆ ನಡೆದಿದ್ದರೆ ಎಚ್ಚರ ಬೇಕು.

ಇದೇ ಗಂಟೆಗಳ ಲೆಕ್ಕದಿಂದ ಇನ್ನೊಂದು ಉಪಯೋಗವೂ ಉಂಟು. ಮೀಟರಿನಲ್ಲಿ 60,000 ಕಿಲೋಮೀಟರು, ಪೆಟ್ಟಿಗೆಯಲ್ಲಿ 1,200 ಗಂಟೆ ಇದ್ದರೆ ಸರಾಸರಿ ವೇಗ ಗಂಟೆಗೆ 50 ಕಿಲೋಮೀಟರು, ಇದು ನಂಬತಕ್ಕದ್ದು. ಅದೇ ದೂರಕ್ಕೆ 3,000 ಗಂಟೆಗಳಿದ್ದರೆ ಸರಾಸರಿ 20 ಮಾತ್ರ. ಆಗ ಕಾರು ಸದಾ ನಗರದ ಸಂದಣಿಯಲ್ಲಿ ತೆವಳಿರಬೇಕು, ಇಲ್ಲವೇ ಮೀಟರಿನ ಮೇಲೆ ಕೈಯಾಡಿರಬೇಕು. ಪೆಟ್ಟಿಗೆಯನ್ನೇ ಬದಲಾಯಿಸಿದ್ದರೆ ಮಾತ್ರ ಈ ಸಾಕ್ಷಿ ನಿಲ್ಲುವುದಿಲ್ಲ.

ನೆಲವನ್ನು ಮುಟ್ಟುವ ಭಾಗಗಳು

ಇಷ್ಟು ದೊಡ್ಡ ಯಂತ್ರವು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ರಬ್ಬರಿನಿಂದ ಮಾತ್ರ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ವೇಗದ ಕಾರುಗಳಲ್ಲಿ ಅನೇಕವು ವರ್ಷದಲ್ಲಿ ಕೆಲವೇ ದಿನ ಹೊರಬರುತ್ತವೆ. ಹೀಗಾಗಿ ಟೈರು ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ಕಣ್ಣಿಗೆ ಹೊಸದರಂತೆ ಕಂಡರೂ ರಬ್ಬರು ಗಟ್ಟಿಯಾಗಿ ನೆಲವನ್ನು ಹಿಡಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಆರು ವರ್ಷ ದಾಟಿದ ಟೈರುಗಳನ್ನು ಬದಲಾಯಿಸುವ ಖರ್ಚನ್ನು ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಜಾಣತನ.

ಇದು ಬರಿಯ ಪುಸ್ತಕದ ಮಾತಲ್ಲ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಿಟದಲ್ಲಿ ಪೋರ್ಶೆ ಕರೇರಾ ಜಿ.ಟಿ. ಎಂಬ ಅತಿವೇಗದ ಕಾರು ಅಪಘಾತಕ್ಕೀಡಾಗಿ ಚಲನಚಿತ್ರ ನಟ ಪಾಲ್ ವಾಕರ್ ಮತ್ತು ಕಾರನ್ನು ಓಡಿಸುತ್ತಿದ್ದ ಅವರ ಗೆಳೆಯರು ಇಬ್ಬರೂ ಮಡಿದರು. ತನಿಖೆಯ ವರದಿ 2014ರ ಮಾರ್ಚಿಯಲ್ಲಿ ಹೊರಬಂದಿತು. ಗಂಟೆಗೆ 45 ಮೈಲಿ ಮಿತಿಯ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತೆಂದೂ, ಅತಿವೇಗವೇ ಕಾರಣವೆಂದೂ ಅದು ಹೇಳಿತು. ಅದರೊಡನೆ, ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದವೆಂಬುದನ್ನೂ ವರದಿ ಎತ್ತಿ ಹೇಳಿತು. ನಾಲ್ಕು ಅಂಕಿಗಳನ್ನು ಓದಲು ನಾಲ್ಕು ಕ್ಷಣ ಸಾಕು.

ಬ್ರೇಕಿನ ತಟ್ಟೆಗಳ ಮೇಲೆ ಅವುಗಳ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ, ಅಳೆದು ಹೋಲಿಸಬೇಕು. ತೂತುಗಳಿರುವ ತಟ್ಟೆಯಾದರೆ ತೂತಿನಿಂದ ತೂತಿಗೆ ಬಿರುಕು ಓಡಿದೆಯೇ ಎಂದು ನೋಡಬೇಕು. ಕೆಲವು ಕಾರುಗಳಲ್ಲಿ ಸೆರಾಮಿಕ್ ತಟ್ಟೆಗಳಿವೆ. ಹಳದಿ ಬಣ್ಣದ ಹಿಡಿಗಳಿಂದ ಇವನ್ನು ಗುರುತಿಸಬಹುದು. ಇವುಗಳ ಸವಕಳಿಯನ್ನು ತೂಕದಿಂದ ತಿಳಿಯುತ್ತಾರೆ, ಬದಲಾಯಿಸುವ ವೆಚ್ಚವೂ ಬಹಳ ದೊಡ್ಡದು.

ಕೊನೆಯದಾಗಿ ಓಡಿಸಿ ನೋಡುವುದು. ಮೊದಲು ಮಾರುವವನೇ ಓಡಿಸಲಿ. ತಣ್ಣನೆಯ ಎಂಜಿನನ್ನು ಅವನು ಹೇಗೆ ನಡೆಸಿಕೊಳ್ಳುತ್ತಾನೆಂಬುದರಿಂದ ಇಷ್ಟು ವರ್ಷ ಅದು ಹೇಗೆ ಬಾಳಿತೆಂದು ಊಹಿಸಬಹುದು. ಎಣ್ಣೆ ಬಿಸಿಯಾಗುವ ಮುನ್ನವೇ ಎಂಜಿನನ್ನು ಕಿರುಚಿಸುವವನ ಕಾರು ಬೇಡ. ಅನಂತರ ನಾವು ಓಡಿಸುವಾಗ ರೇಡಿಯೋ ಮುಚ್ಚಿರಬೇಕು. ಗೇರುಗಳು ಎಣ್ಣೆಯಲ್ಲಿ ಜಾರಿದಂತೆ ಬೀಳಬೇಕು. ಮೇಲಿನ ಗೇರಿನಲ್ಲಿ ಪೆಟ್ರೋಲು ತುಳಿದಾಗ ಎಂಜಿನಿನ ಸುತ್ತು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಖಾಲಿ ನೇರರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಹಾಕಿದರೆ ಕಾರು ಒಂದು ಮಗ್ಗುಲಿಗೆ ಎಳೆಯಬಾರದು.

ಪರೀಕ್ಷಿಸುವವನು ಯಾರು?

ಇಷ್ಟೆಲ್ಲವನ್ನೂ ಕೊಳ್ಳುವವನೇ ಮಾಡಬೇಕೆಂದಲ್ಲ. ಆ ಕಾರನ್ನು ಬಲ್ಲ ಮೆಕ್ಯಾನಿಕ್ಕನಿಗೆ ಕೂಲಿ ಕೊಟ್ಟು ಮಾಡಿಸಬೇಕು. ಆದರೆ ಆ ಮೆಕ್ಯಾನಿಕ್ಕನನ್ನು ಮಾರುವವನು ಸೂಚಿಸಿರಬಾರದು. ಕೂಲಿಯನ್ನು ಮಾರುವವನು ಕೊಡಬಾರದು. ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರಬೇಕು.

ನಮ್ಮ ತಂದೆಯವರು ಊರಿನ ಗ್ಯಾರೇಜೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ಲಾರಿ, ಜೀಪು, ಕಾರುಗಳ ಕೆಲಸ ಮಾಡುತ್ತಿರುವವರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಎಣ್ಣೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ಅವರು ಹೇಳುವ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಕಾಗದಗಳು ಇಂಗ್ಲಿಷಿನಲ್ಲಿ ಇರುವುದರಿಂದ ಅವನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನ ಓದಿಗೆ ಇದು ದೊರೆತ ಮೊದಲ ಉಪಯೋಗ. ಒಮ್ಮೆ ದಲ್ಲಾಳಿಯೊಬ್ಬ ಗಿರಾಕಿಯನ್ನು ಕರೆತಂದು, “ಏನ್ ಮೇಸ್ತ್ರಿ, ಗಾಡಿ ಚಿನ್ನದಂಗಿಲ್ವಾ, ಸಾಹುಕಾರ್ರಿಗೆ ಹೇಳಿ” ಎಂದ. ತಂದೆಯವರು ಕೆಳಗೆ ನುಗ್ಗಿ ನೋಡಿ ಎದ್ದುಬಂದು, “ಬ್ಯಾಡಿ ಸ್ವಾಮಿ, ಇದರ ಮುಂದಿನ ಚಾಸಿ ಒಂದ್ಸಲ ಮುರ್ದು ಬೆಸುಗೆ ಆಗೈತೆ” ಎಂದುಬಿಟ್ಟರು. ಆ ದಲ್ಲಾಳಿ ಅಂದಿನಿಂದ ಅವರಿಗೆ ಕೆಲಸ ತರುವುದನ್ನು ನಿಲ್ಲಿಸಿದ; ಆ ತಿಂಗಳು ನನ್ನ ಪರೀಕ್ಷೆಯ ಶುಲ್ಕಕ್ಕೆ ಸಾಲ ಮಾಡಬೇಕಾಯಿತು. ಹೇಳಬಾರದಿತ್ತೆಂದು ತಂದೆಯವರು ಒಮ್ಮೆಯೂ ಅನ್ನಲಿಲ್ಲ. ಅಕರ್ಲಾಫರ ಸಿದ್ಧಾಂತವನ್ನು ತರಗತಿಯಲ್ಲಿ ಕೇಳಿದಾಗ, ಮಾರುಕಟ್ಟೆಯನ್ನು ಉಳಿಸುವವರು ಎಂಥವರೆಂಬುದು ನನಗೆ ಆಗಲೇ ಗೊತ್ತಿತ್ತು.

ತೀರ್ಮಾನ

ಪರೀಕ್ಷೆ ಮುಗಿದಮೇಲೆ ಕಂಡ ದೋಷಗಳನ್ನು ಮೂರು ಪಟ್ಟಿಗಳಾಗಿ ಬರೆಯಬೇಕು. ಒಡನೆಯೇ ಸರಿಪಡಿಸಬೇಕಾದವು ಮೊದಲನೆಯ ಪಟ್ಟಿ. ವರ್ಷದೊಳಗೆ ಬರಬಹುದಾದವು ಎರಡನೆಯದು. ಕಣ್ಣಿಗೆ ಮಾತ್ರ ಕಾಣುವಂಥವು ಮೂರನೆಯದು. ಮೊದಲೆರಡು ಪಟ್ಟಿಗಳ ವೆಚ್ಚವನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಬೇಕು. ದೋಷವೇ ಇಲ್ಲದ ಹಳೆಯ ಕಾರು ಲೋಕದಲ್ಲಿಲ್ಲ. ದೋಷ ಗೊತ್ತಿರುವ ಕಾರು, ಗೊತ್ತಿಲ್ಲದ ಕಾರು ಎಂಬ ಎರಡೇ ಜಾತಿಗಳಿವೆ. ಆದರೆ ಎಂಜಿನಿನ ಒಡಲಿನಲ್ಲಿ ಉಕ್ಕಿನ ಕಣ, ಸಿಲಿಂಡರಿನ ಗೋಡೆಯಲ್ಲಿ ಗೀರು, ಮುರಿದು ಬೆಸೆದ ಮೈ, ಹೊಂದದ ಗುರುತುಸಂಖ್ಯೆ ಇವುಗಳಲ್ಲಿ ಯಾವುದೊಂದಿದ್ದರೂ ಚೌಕಾಸಿಗೆ ಅವಕಾಶವಿಲ್ಲ, ಬಿಟ್ಟು ಬರಬೇಕು. ಬಿಟ್ಟು ಬರುವುದಕ್ಕೆ ಸಿದ್ಧನಾಗಿ ಹೋದವನೇ ಪರೀಕ್ಷೆ ಮಾಡಬಲ್ಲ. ಕೊಂಡೇ ತೀರುವೆನೆಂದು ಹೋದವನು ತನ್ನ ಆಸೆಗೆ ಸಾಕ್ಷಿಗಳನ್ನು ಹುಡುಕುತ್ತಾನೆ, ಅಷ್ಟೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಮ್ಮಲ್ಲಿ ಬಹುಮಂದಿಗೆ 300 ಅಶ್ವಶಕ್ತಿಯ ಕಾರನ್ನು ಕೊಳ್ಳುವ ಯೋಗ ಬಾರದಿರಬಹುದು. ಆದರೆ ಹಳೆಯ ಬೈಸಿಕಲ್ಲು, ಹಳೆಯ ಸ್ಕೂಟರು, ಒಂದು ತುಂಡು ಹೊಲ, ಒಂದು ಉದ್ಯೋಗದ ಭರವಸೆ, ಇವನ್ನು ಎಲ್ಲರೂ ಒಂದಲ್ಲ ಒಂದು ದಿನ ಕೊಳ್ಳುವವರೇ. ಅಂದು ಕೇಳಬೇಕಾದ ಪ್ರಶ್ನೆಗಳೂ ಇವೇ: ಹೇಳುವವನು ಯಾರು? ಬರೆದಿಟ್ಟವನು ಯಾರು? ಎರಡೂ ಹೊಂದುತ್ತವೆಯೇ?